ಮೂರನೆಯ ಸಂಪುಟ ಮತ್ತು ಕಾರ್ಡಿನ ಬಾಗಿಲು

ಇನ್ನು ಮುಂದೆ ತಮ್ಮ ಪುಸ್ತಕದ ಕೋಣೆಯಿಂದ ತಮ್ಮ ಅಪ್ಪಣೆಯಿಲ್ಲದೆ ಒಂದು ಹಾಳೆಯೂ ಹೊರಗೆ ಹೋಗಕೂಡದು, ಹೋದದ್ದೇ ಆದರೆ ತಮ್ಮ ಮೂವತ್ತೆರಡು ವರ್ಷಗಳ ಗ್ರಂಥಪಾಲನೆಗೇ ಧಿಕ್ಕಾರ ಎಂದು ನಿವೃತ್ತ ಗ್ರಂಥಪಾಲಕರು ಸೋಮವಾರ ಬೆಳಿಗ್ಗೆ ಊಟದ ಮೇಜಿನ ಮುಂದೆ ನಿಂತು ಪ್ರತಿಜ್ಞೆ ಮಾಡಿದಾಗ, ಅದನ್ನು ಕೇಳಲು ಅಲ್ಲಿ ಇದ್ದವರು ಇಬ್ಬರೇ. ಮಡದಿ ಪಠ್ಯಪುಸ್ತಕದಲ್ಲಿ ತಲೆ ಹುದುಗಿಸಿದ್ದಳು. ಮಡದಿಯ ತಾಯಿ, ಎಂಬತ್ತೊಂದು ದಾಟಿದ ಅತ್ತೆ, ಬಟಾಣಿ ಸುಲಿಯುತ್ತಿದ್ದರು. ಪ್ರತಿಜ್ಞೆಗೆ ಕಾರಣವಾದ ವಸ್ತು ಮೇಜಿನ ಮೇಲೆ, ಗಾಯಾಳುವಿನಂತೆ, ಬೆನ್ನಡಿಯಾಗಿ ಮಲಗಿತ್ತು.

"ಇದು ಎಲ್ಲಿತ್ತು ಗೊತ್ತೇನು?" ಎಂದು ಗ್ರಂಥಪಾಲಕರು ಕೇಳಿದರು.

"ಹಿಂದಿನ ಬಾಗಿಲ ಹತ್ರ," ಎಂದಳು ಮಡದಿ, ತಲೆಯೆತ್ತದೆ. "ಗಾಳಿಗೆ ಬಾಗಿಲು ಬಡ್ಕೊಳ್ಳುತ್ತೆ. ಅಮ್ಮ ಬೆಚ್ಚಿ ಬೀಳ್ತಾಳೆ."

"ಎಂಟು ಸಂಪುಟಗಳ ನಿಘಂಟಿನ ಮೂರನೆಯ ಸಂಪುಟ ಇದು. ಇದೊಂದರಲ್ಲೇ ಹನ್ನೆರಡು ಸಾವಿರ ಶಬ್ದ ಇದೆ."

"ಅದಕ್ಕೇ ಅಷ್ಟು ಭಾರ," ಎಂದು ಅತ್ತೆ ತುಂಬು ಮನಸ್ಸಿನಿಂದ ಒಪ್ಪಿಕೊಂಡರು. "ಬೇರೆ ಯಾವ್ದೂ ನಿಲ್ಲಲ್ಲ ಅಳಿಯಂದ್ರೇ. ಮೊದ್ಲು ಒಂದು ಕವನದ ಪುಸ್ತಕ ಇಟ್ಟು ನೋಡ್ದೆ. ಗಾಳಿ ಬಂತು, ಜಾರ್ಕೊಂಡು ಅಂಗಳಕ್ಕೆ ಹೋಯ್ತು."

ಇದು ಒಂದು ದಿನದ ಅಪರಾಧವಲ್ಲ, ಹಲವು ಗ್ರಂಥಗಳನ್ನು ಪರೀಕ್ಷೆಗೊಡ್ಡಿ, ತೂಗಿ ನೋಡಿ, ಕಡೆಗೆ ನಿಘಂಟನ್ನು ಆರಿಸಿಕೊಂಡ ದೀರ್ಘಕಾಲದ ಸಂಶೋಧನೆ ಎಂಬುದು ಗ್ರಂಥಪಾಲಕರಿಗೆ ಆ ಕ್ಷಣದಲ್ಲಿ ಹೊಳೆಯಿತು. ಅಂದೇ ಪೇಟೆಗೆ ಹೋಗಿ, ಕಚೇರಿಗಳ ಬಾಗಿಲಲ್ಲಿ ಕಾಣುವಂಥ ಕಾರ್ಡ್ ರೀಡರ್ ಒಂದನ್ನು ಗೊತ್ತುಮಾಡಿ ಬಂದರು. ಗೋಡೆಗೆ ಕೂರುವ ಒಂದು ಕರಿಯ ಪೆಟ್ಟಿಗೆ. ಅದಕ್ಕೆ ಕಾರ್ಡು ತೋರಿಸಿದರೆ ಬಾಗಿಲ ತಲೆಯ ಮೇಲಿನ ಮ್ಯಾಗ್ನೆಟ್ ಬೀಗ ಹಿಡಿತ ಬಿಡುತ್ತದೆ. ತೋರಿಸದವನು ಎಷ್ಟು ದೊಡ್ಡ ಮನುಷ್ಯನಾದರೂ ನಿಂತಲ್ಲೇ ನಿಲ್ಲಬೇಕು. ಪೆಟ್ಟಿಗೆಯ ಕಟ್ಟು ಮನೆಗೆ ಬಂದದ್ದು ಗುರುವಾರ ಸಂಜೆ. ಶುಕ್ರವಾರ ಬೆಳಿಗ್ಗೆಯೇ ಕೆಲಸ ಶುರು ಎಂದು ಗ್ರಂಥಪಾಲಕರು ಸಾರಿದರು.

"ನಾಳೇನಾ?" ಎಂದು ಮಡದಿ ಮೊದಲ ಬಾರಿಗೆ ತಲೆಯೆತ್ತಿದಳು. "ನಾಳೆ ನನ್ನ ಪರೀಕ್ಷೆ ಕಣ್ರೀ."

ಆಕೆಯ ಪರೀಕ್ಷೆಯ ವೃತ್ತಾಂತವನ್ನು ಇಲ್ಲಿ ಹೇಳಲೇಬೇಕು. ಮೂವತ್ತಮೂರು ವರ್ಷಗಳ ಹಿಂದೆ ಪದವಿಯ ಕಟ್ಟಕಡೆಯ ಪರೀಕ್ಷೆಯೂ ಈ ದಂಪತಿಗಳ ಮದುವೆಯೂ ಒಂದೇ ದಿನ ಬಿದ್ದಿದ್ದವು. ಹಿರಿಯರು ಕೂತು ಯೋಚಿಸಿ, ಎರಡರಲ್ಲಿ ಮುಂದಕ್ಕೆ ಹಾಕಬಹುದಾದದ್ದು ಪರೀಕ್ಷೆಯೇ ಎಂದು ತೀರ್ಮಾನಿಸಿದ್ದರು. ಹಾಗೆ ಮುಂದಕ್ಕೆ ಹೋದ ಪರೀಕ್ಷೆ ನಡೆಯುತ್ತ ನಡೆಯುತ್ತ ಬಂದು ಈ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ನಿಂತಿತ್ತು. ಹಳೆಯ ವಿದ್ಯಾರ್ಥಿಗಳಿಗೆ ಇದೇ ಕೊನೆಯ ಅವಕಾಶವೆಂದು ವಿಶ್ವವಿದ್ಯಾಲಯ ದಪ್ಪ ಅಕ್ಷರದಲ್ಲಿ ಬರೆದು ತಿಳಿಸಿತ್ತು. ಎರಡು ಗಂಟೆಗೆ ಗೇಟು ಮುಚ್ಚುತ್ತದೆ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಒಂದೂಕಾಲಕ್ಕೆ ಮನೆ ಬಿಡಲೇಬೇಕು.

"ನಿನ್ನ ಪರೀಕ್ಷೆಗೂ ನನ್ನ ಬಾಗಿಲಿಗೂ ಏನು ಸಂಬಂಧ?" ಎಂದರು ಗ್ರಂಥಪಾಲಕರು.

"ನನ್ನ ಹಾಲ್ ಟಿಕೆಟ್ ನಿಮ್ಮ ಕೋಣೇಲಿದೆ. ಜೋಪಾನ ಮಾಡ್ತೀನಿ ಅಂತ ನೀವೇ ಇಸ್ಕೊಂಡು ಎಲ್ಲೋ ಸೇರಿಸಿದ್ರಿ. ಈಗ್ಲೇ ಕೊಟ್ಬಿಡಿ."

"ಎಲ್ಲೋ ಅಲ್ಲ, ವಿಷಯವಾರು ಕಡತದಲ್ಲಿದೆ. ಈ ಲೋಕದಲ್ಲಿ ಎಲ್ಲಾದರೂ ಏನಾದರೂ ಭದ್ರವಾಗಿದ್ದರೆ ಅದು ನಾಳೆಯಿಂದ ಆ ಕೋಣೆಯಲ್ಲಿ ಮಾತ್ರ. ಹೊರಡುವಾಗ ತಗೊಂಡರಾಯಿತು."

ಬೀದಿಯ ತುದಿಯಲ್ಲಿ ಅಂಗಡಿಯಿಟ್ಟಿದ್ದ ವೈರಿಂಗಿನವನ ಬಳಿ ಡ್ರಿಲ್ ಯಂತ್ರ ಕೇಳಿ ತರಲು ಮರುದಿನ ಬೆಳಿಗ್ಗೆ ಗ್ರಂಥಪಾಲಕರು ಹೋದಾಗ ಅವನು ಸಂಕೋಚದಿಂದಲೇ ಹೇಳಿದ: "ನಾನೇ ಬಂದು ಹಾಕ್ಕೊಡ್ತೀನಿ ಸಾರ್. ಒಂದು ಗಂಟೆ ಕೆಲ್ಸ."

"ಬೇಡಪ್ಪ, ಕೈಪಿಡಿ ಕೊಟ್ಟಿದ್ದಾರೆ. ಓದಲು ಬರುವವನಿಗೆ ಮಾಡಲು ಬಾರದ್ದು ಏನಿದೆ?"

"ಆಯ್ತು ಸಾರ್. ಒಂದೇ ಒಂದು ಮಾತು. ರೀಡರ್ ಹೊರಗಡೆ ಗೋಡೆಗೆ, ಬಟನ್ ಒಳಗಡೆ. ಮರೀಬೇಡಿ."

ದಾರಿಯುದ್ದಕ್ಕೂ ಗ್ರಂಥಪಾಲಕರು ಈ ಒಂದು ಮಾತನ್ನು ಮಥಿಸಿದರು. ಮಥಿಸಿದಷ್ಟೂ ಅದು ಅವಿವೇಕವಾಗಿ ಕಂಡಿತು. ಮೂವತ್ತೆರಡು ವರ್ಷ ಅವರು ಕಂಡ ಪುಸ್ತಕಾಲಯದಲ್ಲಿ ಒಳಗೆ ಬರುವವನನ್ನು ಯಾರೂ ತಡೆದದ್ದಿಲ್ಲ. ಹೊರಗೆ ಹೋಗುವವನ ಕಂಕುಳನ್ನೇ ಕಾವಲುಗಾರ ನೋಡುತ್ತಿದ್ದ. ಕಳ್ಳತನ ಘಟಿಸುವುದು ಪ್ರವೇಶದಲ್ಲಲ್ಲ, ನಿರ್ಗಮನದಲ್ಲಿ. ಬೀಗ ಮಾರುವವರಿಗೆ ಪುಸ್ತಕದ ಸ್ವಭಾವ ತಿಳಿಯದು. ಆದ್ದರಿಂದ ಅವರ ನಕ್ಷೆಯನ್ನು ತಿದ್ದುವುದು ತಿಳಿದವರ ಕರ್ತವ್ಯ. ಹೀಗೆಂದು ನಿಶ್ಚಯಿಸಿ ಅವರು ರೀಡರನ್ನು ಒಳಗೋಡೆಗೂ, ಒತ್ತಿದರೆ ಬೀಗ ಬಿಡುವ ಗುಂಡಿಯನ್ನು ಹೊರಗೋಡೆಗೂ ನಿಗದಿಮಾಡಿದರು. ಯಾರು ಬೇಕಾದರೂ ಗುಂಡಿಯೊತ್ತಿ ಬರಲಿ. ಕಾರ್ಡಿಲ್ಲದೆ ಹೋಗುವುದು ಹೇಗೆ, ನೋಡೋಣ.

ಬಾಗಿಲ ಪಕ್ಕದಲ್ಲೇ ಕಾಂಕ್ರೀಟಿನ ಕಂಬವಿತ್ತು. ಡ್ರಿಲ್ಲು ಅಲ್ಲಿ ಚೀರಾಡಿತೇ ಹೊರತು ಒಳಗಿಳಿಯಲಿಲ್ಲ. ನಾಲ್ಕಡಿ ಆಚೆ ಸರಿದು, ಕೈಪಿಡಿ ಹೇಳಿದ ಎತ್ತರವನ್ನು ಟೇಪಿನಿಂದ ಅಳೆದು, ಗ್ರಂಥಪಾಲಕರು ದೇವರನ್ನು ನೆನೆದು ಒತ್ತಿದರು. ಗೋಡೆ ಬೆಣ್ಣೆಯಂತೆ ದಾರಿಬಿಟ್ಟಿತು. ಹೊಗೆಯಂಥ ಸುಣ್ಣದ ಪುಡಿ ಅಡಗಿದ ಮೇಲೆ ಬಗ್ಗಿ ತೂತಿನೊಳಗೆ ನೋಡಿದವರು ಹೌಹಾರಿ ಹಿಂದಕ್ಕೆ ಬಿದ್ದರು. ತೂತಿನ ಆ ತುದಿಯಲ್ಲಿ ಒಂದು ಕಣ್ಣು ರೆಪ್ಪೆ ಬಡಿಯುತ್ತಿತ್ತು.

"ಅಳಿಯಂದ್ರೇ," ಎಂದಿತು ಗೋಡೆ, "ಇದು ಕಿಟಕಿನೋ?"

ಎತ್ತರವನ್ನು ನೆಲದಿಂದ ಅಳೆಯಬೇಕಿತ್ತು, ಅವರು ಬಾಗಿಲ ಚೌಕಟ್ಟಿನ ಮೇಲಂಚಿನಿಂದ ಕೆಳಕ್ಕೆ ಅಳೆದಿದ್ದರು. ಆಚೆಬದಿಯ ಊಟದ ಕೋಣೆಯಲ್ಲಿ ಮಣೆಯ ಮೇಲೆ ಕೂತಿದ್ದ ಅತ್ತೆಯ ಮುಖದ ಮಟ್ಟಕ್ಕೆ ತೂತು ಸರಿಯಾಗಿ ಬಂದಿತ್ತು. ಈ ಸಲ ಕಡಿಮೆಯಾಗಬಾರದೆಂದು ಅವರು ಎರಡನೆಯ ತೂತನ್ನು ಆರಡಿ ಎತ್ತರದಲ್ಲಿ ಕೊರೆದು, ಅಲ್ಲಿ ಗುಂಡಿಯನ್ನು ಕೂರಿಸಿದರು.

ಮುಂದಿನ ಕೆಲಸವೆಲ್ಲ ಹೂವೆತ್ತಿದಂತೆ ಸಾಗಿತು. ಒಳಗೆ ಸೇರಿದ ಕಳ್ಳ ತಂತಿ ಕಿತ್ತಾನು ಎಂದು ತಂತಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತೂರಿಸಿ ಸಿಮೆಂಟು ಮೆತ್ತಿದರು. ಕರೆಂಟು ಹೋದರೂ ಬೀಗ ಸಡಿಲಬಾರದೆಂದು ಕೊಟ್ಟಿದ್ದ ಬ್ಯಾಟರಿಯನ್ನು, ಯಾರ ಕೈಗೂ ಎಟುಕದಂತೆ, ಎಲ್ಲಕ್ಕಿಂತ ದೊಡ್ಡ ಕಪಾಟಿನ ಹಿಂದೆ ಅಡಗಿಸಿದರು. ಬಾಗಿಲು ತಾನಾಗಿ ಮುಚ್ಚಿಕೊಳ್ಳಲು ಮೇಲುಗಡೆ ಸ್ಪ್ರಿಂಗಿನ ತೋಳು ಹಾಕಿದರು. ಒಳಗಿನ ಹಳೆಯ ಹಿಡಿಕೆಯನ್ನು, ಇನ್ನು ಅದರ ಹಂಗೇಕೆಂದು, ಕಿತ್ತು ಸಲಕರಣೆಗಳೊಂದಿಗೆ ಹೊರಗಿನ ಡಬ್ಬಿಗೆ ಹಾಕಿದರು. ಪೆಟ್ಟಿಗೆಯೊಂದಿಗೆ ಎರಡು ಬಿಳಿಯ ಕಾರ್ಡು, ಒಂದು ಕೆಂಪು ಕಾರ್ಡು ಬಂದಿದ್ದವು. ಮೊದಲು ಕೆಂಪನ್ನು ತೋರಿಸಿ, ಆಮೇಲೆ ಬಿಳಿಯದನ್ನು ತೋರಿಸಿದರೆ ರೀಡರು ಬಿಳಿಯದನ್ನು ನೆನಪಿಟ್ಟುಕೊಳ್ಳುತ್ತದೆಂದು ಕೈಪಿಡಿ ಹೇಳಿತ್ತು. ಗ್ರಂಥಪಾಲಕರು ತಮ್ಮ ವೃತ್ತಿಜೀವನದಲ್ಲಿ ಯಾವುದನ್ನೂ ಒಂದೇ ಕಡೆ ದಾಖಲಿಸಿದವರಲ್ಲ. ದಾಖಲೆಪುಸ್ತಕದಲ್ಲಿ ಒಮ್ಮೆ, ಸೂಚಿಪತ್ರದಲ್ಲಿ ಮತ್ತೊಮ್ಮೆ. ಆದ್ದರಿಂದ ಖಾತ್ರಿಗೆಂದು ಕೆಂಪನ್ನು ಎರಡೆರಡು ಸಲ ತೋರಿಸಿ ಬಿಳಿಯವೆರಡನ್ನೂ ನೋಂದಾಯಿಸಿದರು. ಬಳಿಕ ಎಲ್ಲ ಅಧಿಕಾರದ ಮೂಲವಾದ ಆ ಕೆಂಪು ಕಾರ್ಡನ್ನು ನಿಘಂಟಿನ ಮೂರನೆಯ ಸಂಪುಟದಲ್ಲಿ, ನಾನ್ನೂರನೆಯ ಪುಟದಲ್ಲಿ, ಗೋಪ್ಯವಾಗಿ ಇರಿಸಿದರು.

ಹನ್ನೆರಡೂವರೆಗೆ ಏಣಿ ಹತ್ತಿ ಉಳಿದ ಧೂಳೊರೆಸಿ, ಏಣಿಗೆ ಆನಿಸಿದ್ದ ಬಾಗಿಲನ್ನು ಬಿಟ್ಟರು. ಸ್ಪ್ರಿಂಗು ಅದನ್ನು ರಾಜಗಾಂಭೀರ್ಯದಿಂದ ಎಳೆದೊಯ್ದು ಮುಚ್ಚಿತು. ಟಕ್. ಒಳಗಿದ್ದ ಗ್ರಂಥಪಾಲಕರು ಬಿಳಿಯ ಕಾರ್ಡನ್ನು ರೀಡರಿನ ಮುಂದೆ ಹಿಡಿದರು. ಕೆಂಪು ದೀಪ ಹತ್ತಿತು. ಪೀಂ, ಪೀಂ, ಪೀಂ. ಇನ್ನೊಂದು ಕಾರ್ಡು ಹಿಡಿದರು. ಪೀಂ, ಪೀಂ, ಪೀಂ. ಕಾರ್ಡನ್ನು ಮಗುಚಿ, ತಿರುಗಿಸಿ, ಪಂಚೆಗೆ ಒರೆಸಿ, ಕಡೆಗೆ ಕಣ್ಣಿಗೊತ್ತಿಕೊಂಡು ತೋರಿಸಿದರು.

ಅಷ್ಟರಲ್ಲಿ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಸೀರೆಯುಟ್ಟು ತಯಾರಾಗಿದ್ದ ಮಡದಿ ಒಳಗೆ ಬಂದಳು. "ಹಾಲ್ ಟಿಕೆಟ್ ಎಲ್ರೀ? ಅಲ್ಲ, ಗುಂಡಿ ಒತ್ತಿದ್ರೆ ಯಾರು ಬೇಕಾದ್ರೂ ಬರಬಹುದಲ್ಲ."

"ಬರಬಹುದು," ಎಂದರು ಗ್ರಂಥಪಾಲಕರು, ಅಭ್ಯಾಸಬಲದ ಹೆಮ್ಮೆಯಿಂದ. "ಹೋಗುವಂತಿಲ್ಲ."

ಆಕೆಯ ಬೆನ್ನ ಹಿಂದೆ ಬಾಗಿಲು ಮುಚ್ಚಿತು. ಟಕ್.

ಆಕೆ ಕಡತದಿಂದ ಹಾಲ್ ಟಿಕೆಟ್ ತೆಗೆದು, ಹೆಸರು ನೋಡಿಕೊಂಡು, ಮಡಿಸಿ ಮುಷ್ಟಿಯಲ್ಲಿ ಹಿಡಿದಳು. "ಸರಿ, ಬಾಗಿಲು ತೆಗೀರಿ."

ಗ್ರಂಥಪಾಲಕರು ಬಿಳಿಯ ಕಾರ್ಡನ್ನು ಮತ್ತೊಮ್ಮೆ ತೋರಿಸಿದರು. ಪೀಂ, ಪೀಂ, ಪೀಂ.

"ರೀ. ತೆಗೀರಿ."

"ಕಾರ್ಡು ಕೆಲಸ ಮಾಡ್ತಿಲ್ಲ."

ಆಕೆ ಬಾಗಿಲನ್ನು ನೋಡಿದಳು. ಹಿಡಿಕೆಯಿದ್ದ ಜಾಗದಲ್ಲಿ ನಾಲ್ಕು ತಿರುಪಿನ ಗುರುತುಗಳಿದ್ದವು. ಕಿಟಕಿಯನ್ನು ನೋಡಿದಳು. ಕಬ್ಬಿಣದ ಕಂಬಿಗಳಿದ್ದವು. ಗಂಡನನ್ನು ನೋಡಿದಳು.

"ಮೂವತ್ತಮೂರು ವರ್ಷದ ಹಿಂದೆ ಒಂದು ಸಲ ತಪ್ಪಿಸಿದ್ರಿ," ಎಂದಳು, ತೀರ ಮೆಲ್ಲಗೆ. "ಸಾಲ್ದಾಯ್ತಾ?"

ಗ್ರಂಥಪಾಲಕರು ತಡವರಿಸುತ್ತ ಜೇಬಿನಿಂದ ಫೋನು ತೆಗೆದು ವೈರಿಂಗಿನವನಿಗೆ ಕರೆಮಾಡಿದರು. ಗುಂಡಿಯೊತ್ತಿ, ಬಾಗಿಲು ತಳ್ಳಿ, ಹಿಡಿದುಕೊಂಡೇ ನಿಲ್ಲಬೇಕು, ಒಳಗೆ ಹೆಜ್ಜೆಯಿಡಬಾರದು ಎಂದು ಮೂರು ಸಲ ಹೇಳಿದರು. ಮೂರನೆಯ ಸಲ ಹೇಳಿ ಮುಗಿಸುವಷ್ಟರಲ್ಲಿ ಫೋನಿನ ಚಾರ್ಜೂ ಮುಗಿಯಿತು. ಅವನು ಹತ್ತೇ ನಿಮಿಷದಲ್ಲಿ ಬಂದ. ಒಂದು ಕೈ ಗುಂಡಿಗೆ, ಒಂದು ಕೈ ಬಾಗಿಲಿಗೆ ಬೇಕಾಗಿದ್ದರಿಂದ ಸಲಕರಣೆಗಳ ಚೀಲವನ್ನು ಹೊರಗಿನ ನೆಲದ ಮೇಲಿಟ್ಟ. ತೋಳು ಚಾಚಿ ಒತ್ತಿದ, ತಳ್ಳಿದ, ಹಿಡಿದುಕೊಂಡ. ಎಲ್ಲವೂ ಕ್ರಮವಾಗಿಯೇ ನಡೆದಿತ್ತು. ಆದರೆ ಆ ಕ್ಷಣದಲ್ಲಿ ಅವನ ಕಣ್ಣು ಒಳಗೋಡೆಯ ಮೇಲೆ ಬಿತ್ತು.

"ಸಾರ್," ಎಂದ. "ರೀಡರ್ ಯಾಕೆ ಒಳಗಿದೆ?"

ಹದಿನೆಂಟು ವರ್ಷದ ಕಸುಬಿನಲ್ಲಿ ಕಾಣದ್ದನ್ನು ಕಂಡವನು ಮಂತ್ರಕ್ಕೆ ಸಿಕ್ಕವನಂತೆ, ಬೇಡ ಬೇಡವೆಂದು ಮಡದಿ ಕೂಗುತ್ತಿರುವಂತೆಯೇ, ಬಾಗಿಲನ್ನು ಬಿಟ್ಟು ಎರಡು ಹೆಜ್ಜೆ ಮುಂದಕ್ಕೆ ಬಂದ. ಆಕೆ ನೆಗೆದಳು. ಬಾಗಿಲ ಅಂಚು ಆಕೆಯ ಬೆರಳ ತುದಿಯನ್ನು ಸವರಿಕೊಂಡು ಹೋಯಿತು. ಟಕ್.

ಈಗ ಒಳಗೆ ಮೂವರಾದರು. ಗಡಿಯಾರದಲ್ಲಿ ಒಂದು ಗಂಟೆ ಹೊಡೆಯಿತು.

"ನಿಮ್ಮ ಚೀಲ?" ಎಂದಳು ಮಡದಿ.

"ಹೊರಗಿದೆ ಮೇಡಂ."

"ಫೋನು?"

"ಚೀಲದಲ್ಲಿ."

ವೈರಿಂಗಿನವನು ಬಿಳಿಯ ಕಾರ್ಡು ತೋರಿಸಿ ಪೀಂ ಪೀಂ ಕೇಳಿಸಿಕೊಂಡ. ಕೆಂಪನ್ನು ಎಷ್ಟು ಸಲ ತೋರಿಸಿದಿರೆಂದು ಕೇಳಿ, ಎರಡು ಸಲವೆಂದು ತಿಳಿದಾಗ ನೆಲದ ಮೇಲೇ ಕೂತುಬಿಟ್ಟ. "ಒಂದು ಸಲ ತೋರಿಸಿದ್ರೆ ಸೇರಿಸು ಅಂತ ಸಾರ್. ಎರಡು ಸಲ ತೋರಿಸಿದ್ರೆ ಅಳಿಸು ಅಂತ. ನೀವು ಸೇರಿಸದೇ ಇರೋ ಕಾರ್ಡನ್ನ ಅಳಿಸಿದ್ದೀರ. ಹೋಗ್ಲಿ, ತಂತಿ ಎಲ್ಲಿ, ಕಿತ್ತಾಕ್ತೀನಿ."

"ಕಬ್ಬಿಣದ ಕೊಳವೆಯಲ್ಲಿ. ಸಿಮೆಂಟು ಹಾಕಿದೀನಿ."

"ಬ್ಯಾಟರಿ?"

ಗ್ರಂಥಪಾಲಕರು ಕಪಾಟನ್ನು ತೋರಿಸಿದರು. ನೆಲದಿಂದ ಸೂರಿನವರೆಗೆ ಎರಡು ಸಾವಿರ ಪುಸ್ತಕಗಳು ಎದೆಸೆಟೆದು ನಿಂತಿದ್ದವು. "ಇಳಿಸಬಹುದು," ಎಂದರು, ಕ್ಷೀಣವಾಗಿ. "ಸಂಜೆಯೊಳಗೆ."

ಮಡದಿ ಇಬ್ಬರನ್ನೂ ಬಿಟ್ಟು, ಸೆರಗು ಬಿಗಿದುಕೊಂಡು, ಮೊದಲನೆಯ ತೂತಿನ ಮುಂದೆ ನೆಲಕ್ಕೆ ಕೂತಳು. "ಅಮ್ಮಾ. ಅಮ್ಮಾ, ಕೇಳಿಸ್ತಿದ್ಯಾ?"

ತೂತಿನಲ್ಲಿ ಕಣ್ಣು ಮೂಡಿತು. "ಹೇಳೇ. ಎಲ್ಲಾ ಸೇರ್ಕೊಂಡು ಒಳಗೇನು ಮಾಡ್ತಿದ್ದೀರ? ಪರೀಕ್ಷೆಗೆ ಹೋಗಲ್ವಾ?"

"ಕೆಂಪು ಕಾರ್ಡಿದ್ದರೆ ಈಗಲೂ ಸೇರಿಸಬಹುದು ಸಾರ್," ಎಂದು ವೈರಿಂಗಿನವನು ಹಿಂದಿನಿಂದ ಹೇಳಿದ. "ಎಲ್ಲಿಟ್ಟಿದ್ದೀರ?"

ಗ್ರಂಥಪಾಲಕರ ಮುಖದಲ್ಲಿ ಮೊದಲ ಬಾರಿಗೆ ಕಳೆ ಬಂದಿತು. ಮೂರನೆಯ ಸಂಪುಟ, ನಾನ್ನೂರನೆಯ ಪುಟ. ಅವರು ದಾಪುಗಾಲಿಟ್ಟು ನಿಘಂಟಿನ ಸಾಲಿಗೆ ಹೋದರು. ಒಂದು, ಎರಡು, ನಾಲ್ಕು. ಎರಡಕ್ಕೂ ನಾಲ್ಕಕ್ಕೂ ನಡುವೆ, ಬಿದ್ದ ಹಲ್ಲಿನ ಜಾಗದಂತೆ, ಕತ್ತಲು ಕೂತಿತ್ತು.

"ಅಮ್ಮಾ," ಎಂದಳು ಮಡದಿ, ಗಂಡನ ಮುಖ ನೋಡಿಯೇ ಎಲ್ಲವನ್ನೂ ತಿಳಿದು. "ಹಿಂದಿನ ಬಾಗಿಲಿಗೆ ಏನಿಟ್ಟಿದ್ದೀಯ?"

"ಅದೇ ದಪ್ಪ ಪುಸ್ತಕ. ಅಳಿಯಂದ್ರು ಏಣಿ ಹತ್ತಿ ಧೂಳು ಒರೆಸ್ತಿದ್ರಲ್ಲ, ಆ ಕಡೆ ತಿರುಗಿದ್ರು. ಬಂದು ತಗೊಂಡ್ಹೋದೆ. ಏಣಿ ಕಾಲ್ನ ಹಿಡ್ಕೊಳ್ಲಾ ಅಂತಾನೂ ಕೇಳ್ದೆ, ಬೇಡ ಅಂದ್ರು."

ಕಳ್ಳತನ ತಡೆಯುವ ಯಂತ್ರವನ್ನು ಕಟ್ಟುತ್ತಿರುವ ಹೊತ್ತಿನಲ್ಲೇ, ಕಟ್ಟುವವರ ಕಾಲಕೆಳಗಿಂದಲೇ, ಮೂರನೆಯ ಸಂಪುಟ ಸರ್ವಾಧಿಕಾರದ ಕಾರ್ಡನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೊರಗೆ ನಡೆದಿತ್ತು. ಗ್ರಂಥಪಾಲಕರು ಏಣಿಯ ಮೇಲೆ ಕೂತರು.

"ಅದರೊಳಗೆ ಕೆಂಪು ಕಾರ್ಡಿತ್ತಲ್ಲಾ ಅಮ್ಮ?"

"ಆ ಕೆಂಪು ರಟ್ಟಾ? ಊಟದ ಮೇಜು ಅಲ್ಲಾಡ್ತಿತ್ತು. ಕಾಲಿನ ಅಡಿ ಇಟ್ಟಿದ್ದೀನಿ. ಈಗ ಅಲ್ಲಾಡಲ್ಲ."

"ಬೇಡ ಬಿಡಿ ಮೇಡಂ," ಎಂದ ವೈರಿಂಗಿನವನು. ಅವನು ಅಷ್ಟು ಹೊತ್ತೂ ಬಾಗಿಲನ್ನೇ ತಡವುತ್ತಿದ್ದ. "ಕಾರ್ಡು ಸಿಕ್ಕಿದ್ರೂ ಪ್ರಯೋಜ್ನ ಇಲ್ಲ. ಕಾರ್ಡು ಬೀಗ ಬಿಡಿಸುತ್ತೆ, ಬಾಗಿಲು ಎಳೆಯಲ್ಲ. ನಾವೇ ಎಳೀಬೇಕು. ಎಳಿಯಕ್ಕೆ ಹಿಡಿಕೆ ಇಲ್ಲ. ಇದು ಹೊರಗಿಂದ ತಳ್ಳಿದ್ರೆ ಮಾತ್ರ ತೆರ್ಕೊಳ್ಳೋದು."

ಮೂವರೂ ಒಟ್ಟಿಗೆ ತೂತಿನ ಕಡೆ ತಿರುಗಿದರು. ಹೊರಗೆ ಇದ್ದದ್ದು ಎಂಬತ್ತೊಂದು ವರ್ಷದ ಒಂದೇ ಒಂದು ಕಣ್ಣು.

ಅತ್ತೆ ಕಣ್ಣನ್ನು ತೆಗೆದುಕೊಂಡು ಕಷ್ಟಪಟ್ಟು ಎದ್ದರು. ಗುಂಡಿ ಆರಡಿ ಎತ್ತರದಲ್ಲಿತ್ತು. ಅತ್ತೆ ಐದಡಿಗೂ ಕಡಿಮೆ. ಅವರು ಊರುಗೋಲನ್ನೆತ್ತಿ ಗುಂಡಿಗೆ ಗುರಿಯಿಟ್ಟು ಒತ್ತಿದರು. ಬೀಗ ಬಿಟ್ಟ ಸದ್ದು ಒಳಗೆ ಕೇಳಿಸಿತು. ಐದು ಸೆಕೆಂಡು ಬೀಗ ಸಡಿಲವಿರುತ್ತದೆ. ಕೋಲಿಳಿಸಿ, ಊರಿಕೊಂಡು, ನಾಲ್ಕಡಿ ನಡೆದು ಅತ್ತೆ ಬಾಗಿಲನ್ನು ಮುಟ್ಟುವಷ್ಟರಲ್ಲಿ ಟಕ್ ಎಂದಿತು. ಮತ್ತೊಮ್ಮೆ. ಟಕ್. ಮೂರನೆಯ ಸಲ ಅತ್ತೆ ಓಡಲು ಪ್ರಯತ್ನಿಸಿದರೆಂದು ಊರುಗೋಲಿನ ಸದ್ದಿನಿಂದ ತಿಳಿದು ಗ್ರಂಥಪಾಲಕರು ತೂತಿಗೆ ಬಾಯಿಯಿಟ್ಟರು: "ಬೇಡಿ ಅತ್ತೆ. ಬೀಳ್ತೀರಿ. ಬೇಡಿ."

ಒಂದೂಕಾಲಾಯಿತು. ಬಸ್ಸು ಹೋಗುವ ಹೊತ್ತು. ಮಡದಿ ಹಾಲ್ ಟಿಕೆಟ್ಟಿನ ಮಡಿಕೆಯನ್ನು ಬೆರಳಿನಿಂದ ನೀವುತ್ತ ಕೂತಿದ್ದಳು. ಬೈಯಲಿಲ್ಲ, ಬೈದಿದ್ದರೆ ಗ್ರಂಥಪಾಲಕರಿಗೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ನಿತ್ಯವೂ ನಸುಕಿನಲ್ಲೆದ್ದು ಮೇಜಿನ ಮುಂದೆ ಕೂತು ಓದಿದ್ದನ್ನು, ತಾವು ಅದರೆದುರೇ ಪುಸ್ತಕದ ಬೆನ್ನಿನ ಗಾಯವನ್ನು ತೋರಿಸಿ ಗೋಳಾಡಿದ್ದನ್ನು ನೆನೆದು ಅವರು ತಲೆ ತಗ್ಗಿಸಿದರು.

"ಅಮ್ಮ ಎಲ್ಲಿ ಹೋದ್ಲು?" ಎಂದಳು ಮಡದಿ ಇದ್ದಕ್ಕಿದ್ದಂತೆ.

ತೂತಿನಲ್ಲಿ ಯಾರೂ ಇರಲಿಲ್ಲ. ಮನೆಯ ಹಿಂಬದಿಯಲ್ಲಿ ಬಾಗಿಲು ಧಡಾರನೆ ಬಡಿಯಿತು. ಮೂವರೂ ಬೆಚ್ಚಿದರು. ಆಮೇಲೆ ಊರುಗೋಲಿನ ಸದ್ದು, ನಡುವೆ ಏನೋ ಭಾರವಾದದ್ದನ್ನು ಹೊತ್ತವರ ಏದುಸಿರು, ಹತ್ತಿರ ಹತ್ತಿರ ಬಂದವು. ಬಾಗಿಲಿಗೆ ಮೈ ಆನಿದ ಸದ್ದಾಯಿತು.

"ಬಾಗಿಲ ಹತ್ರದಿಂದ ಸರೀರಿ," ಎಂದರು ಅತ್ತೆ.

ಅವರು ಬಾಗಿಲಿಗೆ ಬೆನ್ನುಕೊಟ್ಟು ನಿಂತು, ಊರುಗೋಲನ್ನು ಉದ್ದಕ್ಕೆ ಚಾಚಿ ಗುಂಡಿಯನ್ನು ತಿವಿದರು. ಬೀಗ ಬಿಟ್ಟಿತು, ಒರಗಿದ್ದ ಮೈಯ ಭಾರಕ್ಕೆ ಬಾಗಿಲು ಹಿಂದಕ್ಕೆ ಸರಿಯಿತು, ಅದರೊಂದಿಗೆ ಅತ್ತೆಯೂ ಹಿಂದಕ್ಕೆ ಬಂದರು. ವೈರಿಂಗಿನವನೂ ಗ್ರಂಥಪಾಲಕರೂ ಎರಡು ತೋಳುಗಳನ್ನೂ ಹಿಡಿದು ಅವರನ್ನು ನಿಲ್ಲಿಸಿದರು. ಆದರೆ ಅತ್ತೆಯನ್ನು ಹಿಡಿದ ಕೈಗಳಲ್ಲಿ ಬಾಗಿಲನ್ನು ಹಿಡಿಯಲು ಒಂದೂ ಉಳಿದಿರಲಿಲ್ಲ. ಸ್ಪ್ರಿಂಗಿನ ತೋಳು ಮಡಚಿಕೊಳ್ಳತೊಡಗಿತು. ಬಾಗಿಲು ಗಂಭೀರವಾಗಿ ಹೊರಟಿತು. ನಾಲ್ಕು ಜನ ಒಳಗೆ, ಹೊರಗೆ ಒಬ್ಬರೂ ಇಲ್ಲ ಎಂಬ ಲೆಕ್ಕ ಗ್ರಂಥಪಾಲಕರ ತಲೆಯಲ್ಲಿ ಮೂಡಿತು.

ಧೊಪ್ಪೆಂದಿತು. ಟಕ್ ಎನ್ನಲಿಲ್ಲ.

ಹೊಸ್ತಿಲ ಮೇಲೆ, ಬಾಗಿಲಿಗೂ ಚೌಕಟ್ಟಿಗೂ ನಡುವೆ, ಅತ್ತೆಯ ಕಂಕುಳಿಂದ ಇಳಿದ ಮೂರನೆಯ ಸಂಪುಟ ಹನ್ನೆರಡು ಸಾವಿರ ಶಬ್ದಗಳ ಭಾರದೊಂದಿಗೆ ಕೂತಿತ್ತು. ಬಾಗಿಲು ಒಮ್ಮೆ ತಳ್ಳಿ ನೋಡಿತು. ಸಂಪುಟ ಅಲುಗಲಿಲ್ಲ.

"ಈ ಬಾಗಿಲೂ ಬಡ್ಕೊಳ್ಳೋ ಜಾತೀದೇ ಅಂತ ಗೊತ್ತಾಯ್ತು," ಎಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತ. "ಅದಕ್ಕೇ ತಂದೆ. ನಿಂತು ಏನು ನೋಡ್ತಿದ್ದೀಯೇ? ಹೋಗು."

ಮಡದಿ ಸಂಪುಟವನ್ನು ದಾಟಿ ಓಡಿದಳು. ವೈರಿಂಗಿನವನು ಸಲಕರಣೆಯ ಚೀಲವನ್ನು ಅಲ್ಲೇ ಬಿಟ್ಟು, ಸ್ಕೂಟರಿನ ಕೀಲಿ ಹುಡುಕುತ್ತ ಹಿಂದೆ ಓಡಿದ. ಬೀದಿಯಲ್ಲಿ ಸ್ಕೂಟರು ಗುಡುಗಿ ಮರೆಯಾಯಿತು. ಗಡಿಯಾರ ಒಂದೂವರೆ ತೋರಿಸುತ್ತಿತ್ತು.

ಮುಂದಿನ ನಾಲ್ಕು ಗಂಟೆಗಳಲ್ಲಿ ಗ್ರಂಥಪಾಲಕರು ಯಾವ ಪುಸ್ತಕವನ್ನೂ ಮುಟ್ಟಲಿಲ್ಲ. ಮುಂಬಾಗಿಲಲ್ಲಿ ಕುರ್ಚಿ ಹಾಕಿ ಕೂತು, ಬಂದ ಪ್ರತಿ ಬಸ್ಸಿಗೂ ಎದ್ದು ನಿಂತರು. ಐದೂವರೆಗೆ ಮಡದಿ ನಡೆದು ಬಂದಳು. ಬೆರಳಿಗೆ ಶಾಯಿ ಮೆತ್ತಿತ್ತು.

"ಒಳಗೆ ಬಿಟ್ರಾ?" ಎಂದು ಗ್ರಂಥಪಾಲಕರು ಕೇಳಿದರು.

"ಎರಡು ನಿಮಿಷ ಇತ್ತು. ಗೇಟಿನವನು ಕೀಲಿ ಕೈಯಲ್ಲಿ ಹಿಡ್ಕೊಂಡು ನಿಂತಿದ್ದ."

"ಬರೆದ್ಯಾ?"

"ಬರೆದೆ. ಎರಡು ಹಾಳೆ ಹೆಚ್ಚಿಗೆ ಇಸ್ಕೊಂಡು ಬರೆದೆ." ಆಕೆ ಊಟದ ಕೋಣೆಗೆ ಬಂದು ಪುಸ್ತಕದ ಕೋಣೆಯ ಕಡೆ ನೋಡಿ ನಿಂತಳು. ಮೂರನೆಯ ಸಂಪುಟ ಹೊಸ್ತಿಲ ಮೇಲೆ ಇದ್ದಂತೆಯೇ ಇತ್ತು. ಒಳಗೋಡೆಯಲ್ಲಿ ರೀಡರಿನ ದೀಪ ಯಾರಿಗೂ ಬೇಡದೆ ಮಿನುಗುತ್ತಿತ್ತು. "ಇದೇನ್ರೀ, ಇನ್ನೂ ಎತ್ತಿಲ್ಲ?"

"ಇರಲಿ," ಎಂದರು ಗ್ರಂಥಪಾಲಕರು.

ಅದೇ ಹೊತ್ತಿಗೆ ಗಾಳಿಯೆದ್ದು ಹಿಂದಿನ ಬಾಗಿಲು ಧಡಾರನೆ ಬಡಿಯಿತು. ಅತ್ತೆ ಮಣೆಯ ಮೇಲೆ ಕೂತಲ್ಲೇ ಬೆಚ್ಚಿಬಿದ್ದರು.

"ನೋಡಿದ್ರಾ? ಇಲ್ಲಿಗಿಟ್ರೆ ಅಲ್ಲಿಗಿಲ್ಲ," ಎಂದರು ಎದೆ ನೀವಿಕೊಳ್ಳುತ್ತ. "ಅಳಿಯಂದ್ರೇ, ಆ ನಾಲ್ಕನೇದೂ ಇಷ್ಟೇ ದಪ್ಪ ಇದ್ಯಾ?"

ಗ್ರಂಥಪಾಲಕರು ಮೂರನೆಯ ಸಂಪುಟವನ್ನು ಮೆಲ್ಲಗೆ ದಾಟಿ, ನಿಘಂಟಿನ ಸಾಲಿನ ಮುಂದೆ ನಿಂತರು. ಒಂದೊಂದನ್ನೇ ತೆಗೆದು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮೂವತ್ತೆರಡು ವರ್ಷಗಳ ಅನುಭವವನ್ನೆಲ್ಲ ಅಂಗೈಗೆ ತಂದು ತೂಗಿ ನೋಡಿದರು. ಆಮೇಲೆ ಒಂದನ್ನು ಎದೆಗವಚಿಕೊಂಡು ಹೊರಗೆ ಬಂದು ಅತ್ತೆಯ ಮುಂದೆ ಬಗ್ಗಿದರು.

"ನಾಲ್ಕನೇದು ಹಗುರ ಅತ್ತೆ," ಎಂದರು. "ಆರನೇದು ತಗೊಳ್ಳಿ. ಎಂಥಾ ಗಾಳಿಗೂ ಜಗ್ಗಲ್ಲ."